ಏಳು ವರ್ಷದ ಮಗಳು ಸ್ಕೂಲಿಗೆ ಹೋಗಲ್ಲ ಅಂತ ಅಳ್ತಾಳೆ, ದಾರಿ ಹೇಳಿ

ಮಂಡ್ಯ, ಈಗ ನ್ಯೂಜೆರ್ಸಿ:
ನಮಸ್ಕಾರ. ಮಗಳು ಇಲ್ಲಿನ ಒಂದು ಖಾಸಗಿ ಕ್ಯಾಥೊಲಿಕ್ ಶಾಲೆಯಲ್ಲಿ ಎರಡನೇ ಗ್ರೇಡ್. ಮೈಸೂರಲ್ಲಿ ನಾನೂ ಕಾನ್ವೆಂಟಲ್ಲೇ ಓದಿದ್ದು, ಆ ನಂಬಿಕೆಯಿಂದ ಸೇರಿಸಿದೆ. ಎರಡನೇ ಗ್ರೇಡ್ ಅಂದ್ರೆ ಅವರಿಗೆ ಮೊದಲ ಕಮ್ಯುನಿಯನ್ (ಚರ್ಚಲ್ಲಿ ಮೊದಲ ಸಲ ಪವಿತ್ರ ರೊಟ್ಟಿ ಸ್ವೀಕರಿಸೋ ಸಂಸ್ಕಾರ) ವರ್ಷ. ಕ್ಲಾಸೆಲ್ಲ ಅದರ ತಯಾರಿಯಲ್ಲಿದ್ರೆ ಇವಳೊಬ್ಬಳು ಹಿಂದೆ ಕೂತು ಬಣ್ಣ ಹಚ್ಚಬೇಕು. ಅದನ್ನೂ ಸಹಿಸ್ಕೊಂಡೆ. ಆದ್ರೆ ಓದುವಾಗ ತಡವರಿಸ್ತಾಳೆ, ‘ಬಿ’ ‘ಡಿ’ ಅದಲುಬದಲಾಗುತ್ತೆ. ಪುಟ ಮುಗಿಯೋವರೆಗೂ ಟೀಚರ್ ಆಟಕ್ಕೆ ಬಿಡಲ್ಲ. ಪ್ರಿನ್ಸಿಪಾಲರನ್ನ ಕೇಳಿದ್ರೆ, ‘ನಮ್ಮ ಶಾಲೆ ನಿಮ್ಮ ಮಗುವಿಗೆ ಹೊಂದಲ್ಲವೇನೋ’ ಅಂದ್ರು. ಭಾನುವಾರ ರಾತ್ರಿ ಆದ್ರೆ ಸಾಕು, ಹೊಟ್ಟೆನೋವು ಶುರು. ವರ್ಷದ ಫೀಸಿಗೆ ಸಹಿ ಹಾಕಿಬಿಟ್ಟಿದೀವಿ.

ಸರಸ್ವತಿಪುರಂ, ಈಗ ಡಲ್ಲಾಸ್:
ಅಶೋಕ ರಸ್ತೆಯ ಫಿಲೋಮಿನಾ ಚರ್ಚಿನ ಜೋಡಿ ಗೋಪುರ ನೋಡ್ಕೊಂಡೇ ಬೆಳೆದವರು ನಾವು. ಸಿಸ್ಟರ್‌ಗಳ ಶಿಸ್ತಿಲ್ಲದಿದ್ರೆ ಇವತ್ತು ಇಲ್ಲಿರ್ತಿದ್ವಾ? ಸ್ವಲ್ಪ ಗಟ್ಟಿ ಮಾಡಿ ಮಗೂನ.

ಶ್ರೀರಂಗಪಟ್ಟಣ, ಈಗ ಅಮೆರಿಕದಲ್ಲಿ ಸರ್ಕಾರಿ ಶಾಲೆ ಟೀಚರ್:
ಏಳು ವರ್ಷದ ಮಗೂನ ಯಾಕ್ರೀ ಗಟ್ಟಿ ಮಾಡ್ಬೇಕು? ಅಕ್ಕ, ನಿಮ್ಮ ಶಾಲೆ ಇರೋ ಸ್ಕೂಲ್ ಡಿಸ್ಟ್ರಿಕ್ಟಿಗೆ (ಅಲ್ಲಿನ ಸರ್ಕಾರಿ ಶಾಲೆಗಳ ಆಡಳಿತಕ್ಕೆ) ‘ಮಗುವಿನ ಓದನ್ನ ಪರೀಕ್ಷಿಸಿ’ ಅಂತ ಲಿಖಿತವಾಗಿ ಕೇಳಿ. ಖಾಸಗಿ ಶಾಲೆ ಮಕ್ಕಳಿಗೂ ಇದನ್ನ ಅವರು ಉಚಿತವಾಗಿ ಮಾಡ್ಬೇಕು, ‘ಚೈಲ್ಡ್ ಫೈಂಡ್’ ಅಂತಾರೆ. ನ್ಯೂಜೆರ್ಸಿಯಲ್ಲಿ ಪತ್ರ ತಲುಪಿದ 20 ದಿನದೊಳಗೆ ಸಭೆ ಕರೀಬೇಕು. ಡಿಸ್ಲೆಕ್ಸಿಯಾ (ಅಕ್ಷರ ಗುರುತಿಸಿ ಓದೋದಕ್ಕೆ ಕಷ್ಟ ಆಗೋ ತೊಂದರೆ) ಅಂತ ಈಗ್ಲೇ ಹೆದರ್ಕೋಬೇಡಿ.

ಕೆ.ಆರ್.ಪೇಟೆ, ಈಗ ಸಿಡ್ನಿ:
ಇದಕ್ಕೆಲ್ಲ ಒಂದೇ ಪರಿಹಾರ, ಊರಿಗೆ ಹೊರಡಿ. ಅಜ್ಜಿ ತಾತ, ಕನ್ನಡ, ದಸರಾ ಎಲ್ಲ ಬಿಟ್ಟು ಆ ಮಗು ಅಲ್ಲೇನು ಮಾಡ್ತದೆ? ಹತ್ತು ವರ್ಷದಿಂದ ಹೇಳ್ತಾನೇ ಇವ್ನಿ ಈ ಗುಂಪಲ್ಲಿ. ಡಾಲರ್ ಎಣಿಸ್ತಾ ಮಕ್ಕಳನ್ನ ಕಳ್ಕೋತೀರಿ. ಟೆಸ್ಟು ಗಿಸ್ಟು ಏನೂ ಬೇಡ!

ಕುವೆಂಪುನಗರಕ್ಕೆ ವಾಪಸ್ ಬಂದವರು:
ಬಂದು ನೋಡಿದೀನಿ ಸಾರ್. ಇಲ್ಲೊಂದು ಖಾಸಗಿ ಶಾಲೆಯಲ್ಲಿ ಕನ್ನಡ ಮಾತಾಡಿದ್ದಕ್ಕೇ ನನ್ನ ಮಗನಿಗೆ ದಂಡ ಹಾಕಿದ್ರು, ಮೈಸೂರಲ್ಲೇ! ಮಕ್ಕಳಿಗೆ ಹೊಡೀಬಾರದು, ಮಾನಸಿಕ ಹಿಂಸೆ ಕೊಡಬಾರದು ಅಂತ ಶಿಕ್ಷಣ ಹಕ್ಕಿನ ಆರ್‌ಟಿಇ ಕಾಯ್ದೆಯ 17ನೇ ಸೆಕ್ಷನ್ ಇದೆ. ಆದ್ರೆ 2014ರ ಸುಪ್ರೀಂ ಕೋರ್ಟ್ ತೀರ್ಪಿಂದ ಅಲ್ಪಸಂಖ್ಯಾತ ಶಾಲೆಗಳು ಆ ಕಾಯ್ದೆಯಿಂದ ಹೊರಗೆ. ಊರು ಬದಲಾದ್ರೆ ಟೀಚರ್ ಬದಲಾಗ್ತಾರಾ?

ಕೆ.ಆರ್.ಪೇಟೆ, ಈಗ ಸಿಡ್ನಿ:
ಮೈಸೂರು ಆಗ್ಲಿಲ್ಲ ಅಂದ್ರೆ ಮಂಡ್ಯ. ಹಳ್ಳಿ ಶಾಲೆಗೆ ಹಾಕಿ, ಹೆಂಗೆ ಅರಳ್ತದೆ ನೋಡಿ.

ನಂಜನಗೂಡು, ಈಗ ಲಂಡನ್:
ನಮ್ಮ ಮಗನೂ ಇಂಥದೇ ಶಾಲೆಯಲ್ಲಿ ನಾಲ್ಕು ವರ್ಷ ಬಾಯಿ ಬಿಡದೆ ಕೂತಿದ್ದ. ಜಾಣ, ಗಲಾಟೆ ಮಾಡಲ್ಲ ಅಂತ ಎಲ್ಲರ ಹತ್ರ ಹೇಳ್ಕೊಂಡು ಓಡಾಡಿದೆ. ಈಗವನಿಗೆ ಹತ್ತೊಂಬತ್ತು. ‘ನೀನು ಒಂದ್ಸಲನೂ ಕೇಳಲಿಲ್ಲ’ ಅಂದ ಮೊನ್ನೆ. ಆ ಹೊಟ್ಟೆನೋವನ್ನ ನಂಬಿ, ತಾಯಿ.

ಮಂಡ್ಯ, ಈಗ ನ್ಯೂಜೆರ್ಸಿ:
ಶ್ರೀರಂಗಪಟ್ಟಣದವರು ಇನ್ನೂ ಇದೀರಾ? ಪರೀಕ್ಷೆ ಆಗೋವರೆಗೂ ಇಲ್ಲೇ ಕಳಿಸ್ಬೇಕಾ?

ಶ್ರೀರಂಗಪಟ್ಟಣ:
ಬೇಡ. ನಿಮ್ಮ ವಿಳಾಸಕ್ಕೆ ಸೇರಿದ ಸರ್ಕಾರಿ ಶಾಲೆಗೆ ವರ್ಷದ ಮಧ್ಯದಲ್ಲೂ ಸೇರಿಸಬಹುದು. ಬಾಡಿಗೆ ಕರಾರು, ಲಸಿಕೆ ದಾಖಲೆ, ಜನನ ಪ್ರಮಾಣಪತ್ರ ಜೋಡಿಸಿಟ್ಕೊಳ್ಳಿ. ಫೀಸಿನ ಕರಾರಲ್ಲಿ ಶಾಲೆ ಬಿಡೋ ಷರತ್ತು ಓದಿ. ಆಟ ತಪ್ಪಿಸಿದ ದಿನಗಳನ್ನ ಬರೆದು, ಆ ಭಾಗದ ಕ್ಯಾಥೊಲಿಕ್ ಚರ್ಚುಗಳ ಆಡಳಿತವಾದ ಡಯೊಸಿಸ್‌ನ ಶಾಲಾ ಸೂಪರಿಂಟೆಂಡೆಂಟಿಗೆ ಕಳಿಸಿ.

ಕೆ.ಆರ್.ಪೇಟೆ, ಈಗ ಸಿಡ್ನಿ:
ಟಿಕೆಟ್ ಯಾವಾಗ ಬುಕ್ ಮಾಡ್ತೀರಿ ಅದನ್ನ ಹೇಳಿ ಮೊದ್ಲು.

ಮಂಡ್ಯ, ಈಗ ನ್ಯೂಜೆರ್ಸಿ:
ಡಿಸ್ಟ್ರಿಕ್ಟಿಗೆ ಪತ್ರ ಕಳಿಸಿದೆ. ನಾಳೆ ರಜೆ ಅಂತ ಅವಳಿಗೆ ಹೇಳಿದೀನಿ. ಅಕ್ಕಿರೊಟ್ಟಿ ಎರಡು ತಿಂದು ಮಲಗಿದ್ಳು.