ತಾತನ ಗುಂಡಿ ಕೋಟು: ಗಾಜಿನ ಪೆಟ್ಟಿಗೆಗೋ, ಈ ದಸರಾಕ್ಕೋ?

ಮಂಡಿಪೇಟೆ ಟೈಲರ್ ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು. ತಾತನ ಕಾಲದಿಂದ ಮನೆಯಲ್ಲಿ ಹೊಲಿಗೆ ಕೆಲಸ. ತಾತನ ಹತ್ತಿರ ಒಂದು ಕಪ್ಪು ಡ್ರಿಲ್ ಬಟ್ಟೆಯ ಕೋಟು ಇತ್ತು, ಮೈತುಂಬಾ ಗುಂಡಿ. ಹರಿದ ಅಂಗಿ, ಜುಬ್ಬಾಗಳಿಂದ ಬಿಚ್ಚಿದ್ದು ಕೆಲವು, ಗಿರಾಕಿಗಳು ತಂದುಕೊಟ್ಟಿದ್ದು ಕೆಲವು. ಬೆನ್ನ ಮೇಲೆ ಬಿಳಿ ಗುಂಡಿಯ ಗಂಡಭೇರುಂಡ. ಎದೆಯ ಎರಡೂ ಕಡೆ ತೆಂಗಿನಮರ.

ದಸರಾದಲ್ಲಿ ಸಂಜೆ ಅಂಗಡಿ ಬಾಗಿಲು ಹಾಕಿ, ಆ ಕೋಟು ತೊಟ್ಟು, ಪೇಟ ಸುತ್ತಿಕೊಂಡು, ಡಬ್ಬಿ ಹಿಡಿದು ಬೀದಿ ಬೀದಿ ಹೋಗುತ್ತಿದ್ದರು. 'ಗುಂಡಿ ರಾಜ ಬಂದ' ಅಂತ ಮಕ್ಕಳು ಹಿಂದೆ ಓಡುತ್ತಿದ್ದರು. ಬಂದ ದುಡ್ಡಲ್ಲಿ ಬಡ ಮಕ್ಕಳಿಗೆ ಯೂನಿಫಾರ್ಮ್ ಬಟ್ಟೆ. ಹೊಲಿಗೆಗೆ ಕೂಲಿ ಇಲ್ಲ, ಅದು ತಾತನ ಪಾಲು. ಅವರು ಸಿದ್ಧಗಂಗಾ ಮಠದಲ್ಲಿ ಉಂಡು ಓದಿದವರು. ಅಲ್ಲಿ ತಿಂದ ಅನ್ನದ ಋಣ ಹೀಗಾದರೂ ತೀರಲಿ ಅನ್ನುತ್ತಿದ್ದರು. ಅವರ ನಂತರ ದೊಡ್ಡಪ್ಪ ಕೋಟು ಹಾಕಿದರು. ಮಂಡಿನೋವು ಜಾಸ್ತಿಯಾದ ಮೇಲೆ ಅವರೂ ನಿಲ್ಲಿಸಿದರು. ಕೋಟು ಟ್ರಂಕ್ ಸೇರಿತು.

ಈಗ ದೊಡ್ಡಪ್ಪನ ಮಗ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಅಂಗಡಿಯಲ್ಲಿ ತೂಗುಹಾಕೋಣ ಅಂತಾನೆ. ನನಗೆ ಈ ದಸರಾಕ್ಕೆ ಅದನ್ನು ಹಾಕಿಕೊಂಡು ಹೋಗಬೇಕು. ಆದರೆ ಕಂಕುಳ ಕೆಳಗೆ ಬಟ್ಟೆ ಪಿಸಿದಿದೆ, ದಾರ ಮುಟ್ಟಿದರೆ ಉದುರುತ್ತದೆ. ಗುಂಡಿಗಳನ್ನೆಲ್ಲ ಬಿಚ್ಚಿ ಹೊಸ ಬಟ್ಟೆಗೆ ಹಾಕಲಾ? ಇನ್ನೊಂದು, ಹೆಣ್ಣುಮಗಳು ಡಬ್ಬಿ ಹಿಡಿದು ಬೀದಿ ಸುತ್ತೋದಾ ಅಂತ ಅತ್ತೆ ತಕರಾರು ತೆಗೆದಿದ್ದಾರೆ. ಬೇರೆ ಕಡೆ ಎಲ್ಲಾದರೂ ಹೆಂಗಸರು ಹೀಗೆ ಮಾಡೋದನ್ನು ನೋಡಿದ್ದೀರಾ?

ತಿಪಟೂರಿನವನು, ಈಗ ಲಂಡನ್:

ನೋಡಿದ್ದೇನಮ್ಮಾ! ಅದೂ ಗುಂಡಿ ಕೋಟಿನಲ್ಲೇ. ಇಲ್ಲಿ ಅವರನ್ನು ಪರ್ಲಿ ಕಿಂಗ್, ಪರ್ಲಿ ಕ್ವೀನ್ ಅಂತಾರೆ. ಮುತ್ತಿನ ಚಿಪ್ಪಿನ ಗುಂಡಿ ಹೊಲಿದ ಕಪ್ಪು ಬಟ್ಟೆ ತೊಟ್ಟು ದಾನಕ್ಕೆ ದುಡ್ಡು ಕೂಡಿಸುವ ಮನೆತನಗಳು. ಶುರು ಮಾಡಿದವರು ಹೆನ್ರಿ ಕ್ರಾಫ್ಟ್. 1861ರಲ್ಲಿ ಹುಟ್ಟಿ, ಅನಾಥಾಶ್ರಮದಲ್ಲಿ ಬೆಳೆದು, ಬೀದಿ ಗುಡಿಸುತ್ತಿದ್ದವರು. ಆಗ ತಳ್ಳುಗಾಡಿಯಲ್ಲಿ ಹಣ್ಣು, ತರಕಾರಿ ಮಾರುವವರು ಪ್ಯಾಂಟಿನ ಹೊಲಿಗೆಯುದ್ದಕ್ಕೂ ಒಂದು ಸಾಲು ಚಿಪ್ಪಿನ ಗುಂಡಿ ಹಾಕಿಕೊಳ್ಳುತ್ತಿದ್ದರಂತೆ. ತಮ್ಮಲ್ಲಿ ಯಾರಿಗಾದರೂ ಕಷ್ಟ ಬಂದರೆ ಎಲ್ಲರೂ ದುಡ್ಡು ಹಾಕಿ ಕೊಡುತ್ತಿದ್ದರು. ಕ್ರಾಫ್ಟ್ ಇವೆರಡನ್ನೂ ಸೇರಿಸಿದರು. ಟೋಪಿಯಿಂದ ಕಾಲಿನವರೆಗೆ ಗುಂಡಿ ಹೊಲಿದುಕೊಂಡು ಬೀದಿಗೆ ಬಂದರು. ಜನ ನೋಡೋಕೆ ನಿಂತರು, ಇವರು ಡಬ್ಬಿ ಮುಂದೆ ಚಾಚಿದರು. ದುಡ್ಡು ಆಸ್ಪತ್ರೆಗಳಿಗೆ, ಅನಾಥಾಶ್ರಮಕ್ಕೆ ಹೋಗುತ್ತಿತ್ತು. 1911ರಲ್ಲಿ ಇವರದೇ ಸಂಘ ಆಯಿತು. ಕ್ರಾಫ್ಟ್ 1930ರಲ್ಲಿ ತೀರಿಕೊಂಡಾಗ ನೂರಾರು ಜನ ಗುಂಡಿ ಬಟ್ಟೆ ತೊಟ್ಟು ಶವದ ಹಿಂದೆ ನಡೆದರು. ಒಬ್ಬ ಬೀದಿ ಗುಡಿಸುವವರಿಗೆ ಆ ಗೌರವ ಸಿಕ್ಕಿತಲ್ಲ ಅಂತ ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ಅತ್ತೆಯವರಿಗೆ ಪರ್ಲಿ ಕ್ವೀನ್‌ಗಳ ಫೋಟೋ ತೋರಿಸಿ. ಉಷ್ಟ್ರಪಕ್ಷಿಯ ಗರಿ ಸಿಕ್ಕಿಸಿದ ಅಗಲ ಟೋಪಿ ಹಾಕಿಕೊಂಡು, ವಯಸ್ಸಾದ ಅಜ್ಜಿಯರು ಡಬ್ಬಿ ಹಿಡಿದು ನಿಂತಿರುತ್ತಾರೆ. ಪಟ್ಟ ಮನೆತನದಲ್ಲೇ ಇಳಿದು ಬರುತ್ತದೆ. ಮಕ್ಕಳಿಗೂ ಪುಟ್ಟ ಕೋಟು ಇರುತ್ತದೆ. ನಿಮ್ಮ ತೆಂಗಿನಮರದ ಹಾಗೆ ಇವರಲ್ಲೂ ಚಿತ್ರಗಳಿವೆ: ಲಂಗರು ಅಂದರೆ ಭರವಸೆ, ಹೃದಯ ಅಂದರೆ ದಾನ, ಕುದುರೆ ಲಾಳ ಅಂದರೆ ಅದೃಷ್ಟ.

ತೂಕದ ಬಗ್ಗೆ ಮಾತ್ರ ಹುಷಾರು. ಬಟ್ಟೆಯೇ ಕಾಣದಂತೆ ಗುಂಡಿ ಮುಚ್ಚಿದ ಸೂಟು 30 ಕೆ.ಜಿ.ವರೆಗೂ ತೂಗುತ್ತದೆ ಅಂತಾರೆ. ನಡುನಡುವೆ ಬಟ್ಟೆ ಬಿಟ್ಟು ಚಿತ್ರ ಮಾತ್ರ ಹೊಲಿಯುವ ಹಗುರದ ಬಗೆಯೂ ಇದೆ. ನೀವು ಸಂಜೆಯಿಡೀ ನಡೆಯುವವರು, ಅದೇ ಒಳ್ಳೆಯದು.

ಗುಬ್ಬಿಯಿಂದ, ನಾಟಕದ ಬಟ್ಟೆ ಹೊಲಿಯುವವನು:

ಗುಂಡಿ ಬಿಚ್ಚಬೇಡಿ ತಂಗಿ! ಮೊದಲು ಫೋಟೋ ತೆಗೆಯಿರಿ. ಬೆನ್ನಿನ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ ಒಂದೊಂದು ಗುಂಡಿಯ ಜಾಗವನ್ನೂ ಗುರುತು ಮಾಡಿ. ಗಂಡಭೇರುಂಡದ ಕತ್ತಿನ ತಿರುವು ತಾತನ ಕೈಗುಣ. ಒಂದು ಸಲ ಬಿಚ್ಚಿದರೆ ಮತ್ತೆ ಹಾಗೇ ಕೂರುವುದಿಲ್ಲ.

ಹಳೇ ಬಟ್ಟೆಯ ಒಳಗಡೆ ಹೊಸ ಡ್ರಿಲ್ ಬಟ್ಟೆ ಕೊಟ್ಟು, ಎರಡನ್ನೂ ಸೇರಿಸಿ ಕೈಹೊಲಿಗೆ ಹಾಕಿ. ಭುಜಕ್ಕೆ ಕ್ಯಾನ್ವಾಸ್ ಬೇಕೇಬೇಕು, ಭಾರವೆಲ್ಲ ಅಲ್ಲೇ ಬೀಳೋದು. ಸಡಿಲವಾದ ಗುಂಡಿಗೆ ದಪ್ಪ ಪಾಲಿಯೆಸ್ಟರ್ ದಾರ, ಒಂದೊಂದಕ್ಕೂ ಬೇರೆ ಗಂಟು. ಒಂದೇ ದಾರದಲ್ಲಿ ಸಾಲಾಗಿ ಹೊಲಿದರೆ ಒಂದು ಕಿತ್ತಾಗ ಸಾಲೇ ಬೀಳುತ್ತದೆ. ಕಂಕುಳ ಕೆಳಗಿನ ತುಂಡನ್ನು ಪೂರ್ತಿ ಬದಲಾಯಿಸಿ, ಅಲ್ಲಿ ಚಿತ್ರ ಇಲ್ಲವಲ್ಲ.

ಅದರಲ್ಲಿ ಚಿಪ್ಪಿನ ಗುಂಡಿಯೂ ಇರಬಹುದು. ಕೆನ್ನೆಗೆ ಒತ್ತಿ ನೋಡಿ, ಚಿಪ್ಪಿನದಾದರೆ ತಣ್ಣಗಿರುತ್ತದೆ, ಪ್ಲಾಸ್ಟಿಕ್ಕಿಗಿಂತ ಭಾರ. ಹೊಳಪು ಬರಲಿ ಅಂತ ನಿಂಬೆಹಣ್ಣು, ಹುಣಸೆಹಣ್ಣು ಹಾಕಬೇಡಿ. ಚಿಪ್ಪು ಸುಣ್ಣದ ಜಾತಿ, ಹುಳಿ ಅದನ್ನು ತಿನ್ನುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಸಾಕು. ಹ್ಯಾಂಗರ್‌ಗೆ ಹಾಕದೆ ಹಳೇ ಪಂಚೆಯಲ್ಲಿ ಮಡಿಸಿ ಮಲಗಿಸಿಡಿ.

ಗುಬ್ಬಿ ವೀರಣ್ಣನವರ ಊರಿನವನು ನಾನು. ಹಾಕಿದ ಬಟ್ಟೆಗೆ ಆಗಾಗ ರಿಪೇರಿ ಸಿಗುತ್ತದೆ, ಪೆಟ್ಟಿಗೆಯಲ್ಲಿಟ್ಟದ್ದು ಯಾರ ಕಣ್ಣಿಗೂ ಬೀಳದೆ ಹಾಳಾಗುತ್ತದೆ. ನಮ್ಮ ಕಸುಬಿನಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ.

ಶಿರಾ ಮೇಷ್ಟ್ರು:

ನಾನು ಅಣ್ಣನ ಪರ. ಮಳೆ ಬಂದರೆ? ನೂಕುನುಗ್ಗಲಲ್ಲಿ ಯಾರಾದರೂ ಎಳೆದರೆ? ಹೊಸದೊಂದು ಹೊಲಿದುಕೊಳ್ಳಿ, ತಾತನದು ಮನೆಯಲ್ಲಿರಲಿ.

ಏನೇ ಮಾಡಿ, ಲೆಕ್ಕ ಮಾತ್ರ ಸರಿಯಾಗಿ ಇಡಿ. ತಾತನ ಕಾಲದಲ್ಲಿ ಮುಖ ನೋಡಿ ದುಡ್ಡು ಹಾಕುತ್ತಿದ್ದರು, ಈಗ ಜನ ಕೇಳುತ್ತಾರೆ, ಕೇಳಲೂಬೇಕು. ಡಬ್ಬಿಗೆ ಎರಡು ಬೀಗ ಹಾಕಿ, ಒಂದು ಕೀ ಮನೆಯ ಹೊರಗಿನವರ ಹತ್ತಿರ ಇರಲಿ. ಎಣಿಸುವಾಗ ಬೀದಿಯವರು ಇಬ್ಬರು ಕೂತಿರಲಿ. ಕ್ಯೂಆರ್ ಕೋಡ್ ಇಡುವುದಾದರೆ ಅದಕ್ಕೇ ಬೇರೆ ಖಾತೆ ತೆರೆಯಿರಿ, ಅಂಗಡಿ ಖಾತೆಗೆ ಬೆರೆಸಬೇಡಿ. ತೆರಿಗೆ ವಿನಾಯಿತಿ ಸಿಗುತ್ತದೆ ಅಂತ ಯಾರಿಗೂ ಹೇಳಬೇಡಿ. ಆದಾಯ ತೆರಿಗೆ ಇಲಾಖೆಯಿಂದ ಅದಕ್ಕೆಂದೇ ಅನುಮತಿ ಪಡೆದ ಸಂಸ್ಥೆಗೆ ಕೊಟ್ಟರೆ ಮಾತ್ರ ಅದು. ಉಡುಪಿ ಕಡೆ ಕೂಲಿ ಕೆಲಸದ ರವಿ ಕಟಪಾಡಿ ಕೃಷ್ಣಾಷ್ಟಮಿಗೆ ವೇಷ ಹಾಕಿ ಕಾಯಿಲೆ ಮಕ್ಕಳ ಚಿಕಿತ್ಸೆಗೆ ದುಡ್ಡು ಕೂಡಿಸಿದರಲ್ಲ, ಯಾರಿಗಾಗಿ ಅನ್ನುವುದು ಕೊಡುವವರಿಗೆ ಗೊತ್ತಿರುತ್ತಿತ್ತು. ನೀವೂ ಎಷ್ಟು ಜೊತೆ ಯೂನಿಫಾರ್ಮ್ ಆಯಿತು ಅಂತ ಅಂಗಡಿ ಮುಂದೆ ಬರೆದು ಹಾಕಿ. ಮಕ್ಕಳ ಹೆಸರು ಮಾತ್ರ ಬೇಡ.

ಮಂಡಿಪೇಟೆ ಟೈಲರ್ ಮೊಮ್ಮಗಳು:

ಮೂವರಿಗೂ ಕೈಮುಗಿಯುತ್ತೇನೆ. ಮೇಷ್ಟ್ರೇ, ಮಳೆಯ ಮಾತು ನಿಜ, ಮೋಡ ಕವಿದ ದಿನ ಕೋಟು ಹೊರಗೆ ತೆಗೆಯುವುದಿಲ್ಲ. ಆದರೆ ಹೊಸ ಕೋಟಿನಲ್ಲಿ ಹೋದರೆ ಮಂಡಿಪೇಟೆಯ ಹಳಬರಿಗೆ ನಾನು ಯಾರೋ ಆಗುತ್ತೇನೆ. ತಾತನಿಗೆ ಗುಂಡಿ ಕೊಟ್ಟವರ ಮನೆಗಳು ಇನ್ನೂ ಇವೆ. 'ಇದು ನಮ್ಮಪ್ಪನ ಜುಬ್ಬಾದ್ದು' ಅಂತ ತೋಳು ಹಿಡಿದು ತೋರಿಸುವವರು ಇದ್ದಾರೆ. ಅದನ್ನು ಗಾಜಿನ ಹಿಂದೆ ಹೇಗಿಡಲಿ?

ಅತ್ತೆ ಫೋಟೋ ನೋಡಿದರು. ಗರಿ ಟೋಪಿಯ ಅಜ್ಜಿಯನ್ನು ತುಂಬಾ ಹೊತ್ತು ನೋಡಿ, ಪೇಟ ನಾನೇ ಕಟ್ಟಿಕೊಡ್ತೀನಿ ಅಂದರು. ಅಣ್ಣ ಇನ್ನೂ ಪೂರ್ತಿ ಒಪ್ಪಿಲ್ಲ. ಡಬ್ಬಿಯ ಒಂದು ಕೀ ಪಕ್ಕದ ಕಿರಾಣಿ ಅಂಗಡಿಯ ಮಾವ ಇಟ್ಟುಕೊಳ್ಳುತ್ತಾರೆ. ಒಳಗೆ ಕೊಡುವ ಬಟ್ಟೆ ನಾಳೆ ತರುತ್ತೇನೆ, ಗುಬ್ಬಿಯ ಅಣ್ಣ ಹೇಳಿದ ಹಾಗೆ ಭುಜದಿಂದ ಶುರು.

ತುಮಕೂರಿನವರಲ್ಲಿ ಒಂದು ಕೋರಿಕೆ. ಮನೆಯಲ್ಲಿ ಹಿರಿಯರ ಹಳೇ ಅಂಗಿಯ ಗುಂಡಿಗಳಿದ್ದರೆ ಎಸೆಯಬೇಡಿ. ದಸರಾದಲ್ಲಿ ಡಬ್ಬಿಗೇ ಹಾಕಿ. ಬಲಗೈ ತೋಳಿನಲ್ಲಿ ಇನ್ನೂ ಜಾಗ ಇದೆ.