ಎರಡು ಪಾಳಿಯವರಿಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇಲ್ಲ, ಏನು ಮಾಡೋದು?

ಉದ್ಯಮಬಾಗ ಸೂಪರ್‌ವೈಸರ್:
ಬೆಳಗಾವಿ ಉದ್ಯಮಬಾಗದಲ್ಲಿ ಒಂದು ಮಷಿನ್ ಶಾಪ್ ನೋಡಿಕೊಳ್ಳುತ್ತೇನೆ. ಹೈಡ್ರಾಲಿಕ್ ವಾಲ್ವ್ ಬಾಡಿ ಕೆಲಸ, ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮಷಿನ್, ಎರಡು ಪಾಳಿ. ಹಗಲಿನವನು ಟೂಲ್ ಆಫ್‌ಸೆಟ್ (ಟೂಲ್ ಎಲ್ಲಿ ನಿಲ್ಲಬೇಕು ಅಂತ ಮಷಿನ್‌ಗೆ ಕೊಡುವ ಅಳತೆ) ಬದಲಿಸಿ ಲಾಗ್‌ಬುಕ್‌ನಲ್ಲಿ ಬರೆಯದೆ ಹೋಗುತ್ತಾನೆ, ರಾತ್ರಿಯವನು ಬಂದವನೇ ಸ್ಟಾರ್ಟ್ ಒತ್ತುತ್ತಾನೆ, ಬೋರ್ ಓವರ್‌ಸೈಜ್, ಅಂದರೆ ತೂತು ಅಳತೆಗಿಂತ ದೊಡ್ಡದು. ಕೇಳಿದರೆ ಇಬ್ಬರದೂ ಒಂದೇ ಮಾತು, "ನಂದಲ್ಲ ಸರ್". ಮೊನ್ನೆ ಚಿಪ್ಸ್ ಟ್ರಾಲಿಯ ತಳದಲ್ಲಿ ಮುಚ್ಚಿಟ್ಟ ಕೆಟ್ಟ ಪೀಸ್‌ಗಳು ಸಿಕ್ಕವು. ಮೀಟಿಂಗ್ ಮಾಡಿದ್ದಾಯ್ತು, ಎಲ್ಲರನ್ನೂ ಗೋಕಾಕ ಫಾಲ್ಸ್‌ಗೆ ಕರೆದುಕೊಂಡು ಹೋಗಿದ್ದೂ ಆಯ್ತು.

ಹಳೇ ಫಿಟ್ಟರ್:
ಟ್ರಿಪ್ಪಿನ ಬಸ್ಸಲ್ಲೂ ಪಾಳಿ ಪ್ರಕಾರವೇ ಕೂತಿರುತ್ತಾರೆ ಬಿಡ್ರಿ. ಮೊದಲು ಇದು ಹೇಳಿ, ಪೀಸ್ ಕೆಟ್ಟರೆ ಸಂಬಳದಲ್ಲಿ ಹಿಡಿಯುತ್ತೀರಾ? ಹಾಗಿದ್ದರೆ ಯಾರೂ ಬಾಯಿ ಬಿಡಲ್ಲ. ನಷ್ಟಕ್ಕೆ ದುಡ್ಡು ಹಿಡಿಯುವ ಮೊದಲು ಕೆಲಸಗಾರ ಏನು ಹೇಳುತ್ತಾನೆ ಕೇಳಬೇಕು ಅಂತ 1936ರ ವೇತನ ಪಾವತಿ ಕಾಯ್ದೆಯಲ್ಲೇ ಇತ್ತು. ಕೇಳೋರು ಯಾರು?

ಉದ್ಯಮಬಾಗ ಸೂಪರ್‌ವೈಸರ್:
ಹಿಡಿಯುತ್ತಾರೆ. ಮಾಲೀಕರ ರೂಲ್.

ಗೇಜ್ ರೂಮ್:
ಪಾಳಿ ಬದಲಾಗುವಾಗ ಹತ್ತು ನಿಮಿಷ ಇಬ್ಬರೂ ಮಷಿನ್ ಮುಂದೆ ಇರಲಿ. ಕೊನೇ ಪೀಸಿಗೆ ಇಬ್ಬರೂ ಸೇರಿ ಬೋರ್ ಗೇಜ್ ಹಾಕಿ, ಅಳತೆ ಮತ್ತು ಆಫ್‌ಸೆಟ್ ಬರೆದು ಸಹಿ ಮಾಡಲಿ. ಆ ಹತ್ತು ನಿಮಿಷಕ್ಕೆ ಓಟಿ ಕೊಡಿ, ಇಲ್ಲದಿದ್ದರೆ ಬಸ್ ಹಿಡಿಯೋಕೆ ಓಡುತ್ತಾರೆ. ಟೊಯೋಟಾದಲ್ಲಿ ತೊಂದರೆ ಕಂಡರೆ ಕೆಲಸಗಾರನೇ ಹಗ್ಗ ಎಳೆದು ಟೀಮ್ ಲೀಡರ್‌ನನ್ನು ಕರೆಯುತ್ತಾನೆ, ಬಗೆಹರಿಯದಿದ್ದರೆ ಲೈನೇ ನಿಲ್ಲುತ್ತದೆ. ಅದಕ್ಕೆ ಆಂಡನ್ ಅಂತಾರೆ. ನಮ್ಮಲ್ಲೂ ಅಂಥದ್ದು ಹಾಕಬಹುದು, ಆದರೆ ಮೊದಲ ಸಲ ಕರೆದವನಿಗೆ ನೀವು ಬೈದರೆ ಎರಡನೇ ಸಲ ಯಾರೂ ಮುಟ್ಟಲ್ಲ.

ಬಾಗಲಕೋಟೆ ಸಿಸ್ಟರ್:
ನಮ್ಮ ವಾರ್ಡಿನ ಹ್ಯಾಂಡೋವರ್‌ನಲ್ಲೂ ಇದೇ ಕಥೆ. ಒಂದು ಮಾತು ನೆನಪಿಡಿ ಅಣ್ಣಾ, ಹುಡುಗರು ನಿಜ ಹೇಳೋಕೆ ಶುರು ಮಾಡಿದರೆ ಲೆಕ್ಕದಲ್ಲಿ ರಿಜೆಕ್ಷನ್ ಮೊದಲು ಏರುತ್ತೆ. ಅಮೆರಿಕದಲ್ಲಿ ಏಮಿ ಎಡ್ಮಂಡ್ಸನ್ ಅನ್ನೋ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆ ತಂಡಗಳ ಔಷಧಿ ತಪ್ಪುಗಳನ್ನು ನೋಡಿದಾಗ, ಒಳ್ಳೆಯ ತಂಡಗಳಲ್ಲೇ ದಾಖಲಾದ ತಪ್ಪು ಜಾಸ್ತಿ ಇದ್ದವು. ಅಲ್ಲಿನವರು ಹೆದರದೆ ಹೇಳುತ್ತಿದ್ದರು, ಅಷ್ಟೇ. ಇದನ್ನ ಮಾಲೀಕರಿಗೆ ಮುಂಚೆಯೇ ಹೇಳಿಡಿ, ಇಲ್ಲಾಂದ್ರೆ ಮೊದಲ ತಿಂಗಳ ರಿಪೋರ್ಟ್ ನೋಡಿ ಎಲ್ಲ ನಿಲ್ಲಿಸಿಬಿಡುತ್ತಾರೆ.

ಉದ್ಯಮಬಾಗ ಸೂಪರ್‌ವೈಸರ್:
ಓಟಿ ನನ್ನ ಕೈಲಿದೆ, ಸೋಮವಾರದಿಂದ ಶುರು ಮಾಡುತ್ತೇನೆ. ಸಂಬಳ ಹಿಡಿಯೋದು ನಿಲ್ಲಿಸಿ ಅಂತ ಮಾಲೀಕರನ್ನು ಯಾರಾದರೂ ಒಪ್ಪಿಸಿದ್ದೀರಾ?

ಹಳೇ ಫಿಟ್ಟರ್:
ಹುಡುಗರಿಂದ ಹಿಡಿದ ದುಡ್ಡು ಒಂದು ಕಡೆ ಬರೆಯಿರಿ. ಗಿರಾಕಿ ವಾಪಸ್ ಕಳಿಸಿದ ಲಾಟಿನ ಲಾರಿ ಬಾಡಿಗೆ, ಮತ್ತೆ ಮಾಡಿಕೊಟ್ಟ ಖರ್ಚು ಇನ್ನೊಂದು ಕಡೆ. ಅದೇ ಹಾಳೆ ಒಯ್ದು ತೋರಿಸ್ರಿ, ಭಾಷಣ ಬೇಡ.