ವಿಶೇಷ ಮಕ್ಕಳಿಗೆ ಐಇಪಿ ಬರೆಯುವ ಕೆಲಸ: ನೀವು ಕೇಳಿ, ನಾನು ಹೇಳುತ್ತೇನೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಗ್ರೂಪಿನಲ್ಲಿ ಎಲ್ಲರ ಪ್ರಶ್ನೆಗೆ ಉತ್ತರ ಹೇಳುವ ಸರದಿ ನಿಮ್ಮದು ಅಂತ ಅಡ್ಮಿನ್ ಮೇಡಂ ಹೇಳಿದರು. ನಾನು ಹಾಸನದಲ್ಲಿ ವಿಶೇಷ ಶಿಕ್ಷಕಿ, 16 ವರ್ಷ ಆಯಿತು. ಆಟಿಸಂ ಇರುವವರು, ಬುದ್ಧಿ ಬೆಳವಣಿಗೆ ನಿಧಾನ ಇರುವವರು, ಓದು ಬರಹ ತಲೆಗೆ ಹತ್ತದೆ ಒದ್ದಾಡುವವರು, ಹೀಗೆ ಎಲ್ಲ ಥರದ ಮಕ್ಕಳೂ ನನ್ನ ಹತ್ತಿರ ಬರುತ್ತಾರೆ. ಒಂದೊಂದು ಮಗುವಿಗೂ ಅದರದ್ದೇ ಆದ ಕಲಿಕೆಯ ಪ್ಲಾನ್ ಬರೆಯಬೇಕು. ಅದನ್ನೇ ನಾವು ಐಇಪಿ ಅನ್ನುವುದು. ಕೇಳಿ. ಮಧ್ಯೆ ಊಟಕ್ಕೆ ಎದ್ದು ಹೋಗುತ್ತೇನೆ, ಉತ್ತರ ತಡವಾದರೆ ಬೇಜಾರು ಬೇಡ.

ಪ್ರಶ್ನೆ (ಅರಸೀಕೆರೆಯಿಂದ): ಮೇಡಂ, ನಾನು ಬಿಎ, ಬಿಎಡ್ ಮಾಡಿದ್ದೇನೆ. ಬರವಣಿಗೆ ಚೆನ್ನಾಗಿ ಬರುತ್ತದೆ. ನಮ್ಮ ಚಿಕ್ಕಮ್ಮನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿ ಇಂಥ ಪ್ಲಾನ್ ಬರೆಯುವುದೇ ಒಂದು ನೌಕರಿಯಂತೆ, ಮನೆಯಲ್ಲೇ ಕೂತು ಬರೆಯುತ್ತಾರಂತೆ. ನಮ್ಮಲ್ಲೂ ಹಾಗೆ ಇದೆಯಾ?

ಉತ್ತರ: ಇಲ್ಲಮ್ಮ. ಆದರೆ ಅವಳು ಹೇಳಿದ್ದು ನಿಜ. ಅಲ್ಲಿ 2014ರ ಕಾಯ್ದೆಯೊಂದರ ಪ್ರಕಾರ ಮಗುವಿನ ಶಿಕ್ಷಣ, ಆರೋಗ್ಯ, ಆರೈಕೆ ಮೂರನ್ನೂ ಸೇರಿಸಿ ಬರೆಯುವ ಇಎಚ್‌ಸಿ ಪ್ಲಾನ್ ಅಂತ ಇದೆ. ಅದನ್ನು ಮಾಡಿಸಿ ಕೊಡುವ ಹೊಣೆ ಅಲ್ಲಿನ ಸ್ಥಳೀಯ ಆಡಳಿತದ್ದು. ಕೇಳಿದ 20 ವಾರದೊಳಗೆ ಪ್ಲಾನ್ ಕೈಗೆ ಬರಬೇಕು. 25 ವರ್ಷದವರೆಗೂ ಅದು ನಡೆಯಬಹುದು. ಶಾಲೆ, ಡಾಕ್ಟರು, ಸೈಕಾಲಜಿಸ್ಟ್, ಅಪ್ಪ ಅಮ್ಮ, ಎಲ್ಲರ ವರದಿ ಒಂದು ಕಡೆ ಸೇರುತ್ತದೆ. ಅಷ್ಟನ್ನೂ ಓದಿ ಎ ಇಂದ ಕೆ ತನಕದ ಭಾಗಗಳಲ್ಲಿ ಹೊಂದಿಸಿ ಬರೆಯುವುದಕ್ಕೇ ಜನ ಇರುತ್ತಾರೆ. ಅದರ ಎಫ್ ಭಾಗ ನನಗೆ ತುಂಬ ಇಷ್ಟ. ಮಗುವಿಗೆ ಕೊಡುವ ಸಹಾಯವನ್ನು ಅಲ್ಲಿ ಲೆಕ್ಕ ಸಮೇತ ಬರೆಯಬೇಕು. ವಾರಕ್ಕೆ ಎಷ್ಟು ಸಲ, ಎಷ್ಟು ನಿಮಿಷ, ಯಾರು ಅಂತ. 'ಅಗತ್ಯ ಬಿದ್ದಾಗ ಸಹಾಯ ಮಾಡಲಾಗುವುದು' ಅಂತ ಬರೆದು ಕೈ ತೊಳೆದುಕೊಂಡರೆ ಅಪ್ಪ ಅಮ್ಮ ಮೇಲ್ಮನವಿ ಹಾಕಬಹುದು.

ನಮ್ಮಲ್ಲಿ ಬರೆಯುವವರೇ ಬೇರೆ, ಕಲಿಸುವವರೇ ಬೇರೆ ಅಂತಿಲ್ಲ. ಬೆಳಗ್ಗೆ ಮಗುವಿನ ಮೂಗು ಒರೆಸಿದವರೇ ಸಂಜೆ ಅದರ ಫೈಲ್ ಬರೆಯಬೇಕು. ಬರೀ ಬರವಣಿಗೆ ಸಾಕು ಅಂತ ಬಂದರೆ ನಿಮಗೆ ನಿರಾಸೆ ಆಗುತ್ತದೆ.

ಪ್ರಶ್ನೆ (ಅವರೇ): ಹಾಗಾದರೆ ಆ ಫೈಲಿನಲ್ಲಿ ಏನು ಬರೆಯುತ್ತೀರಿ?

ಉತ್ತರ: ಮೊದಲ ಎರಡು ವಾರ ನಾನು ಗುರಿ ಅಂತ ಏನೂ ಬರೆಯುವುದಿಲ್ಲ. ಸುಮ್ನೆ ನೋಡುತ್ತೇನೆ. ತಟ್ಟೆ ಹೇಗೆ ಹಿಡಿಯುತ್ತಾನೆ, ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾನಾ, ಯಾರು ಬಂದರೆ ಖುಷಿ. ಆಮೇಲೆ ಚೆಕ್‌ಲಿಸ್ಟ್ ತೆಗೆಯುತ್ತೇನೆ. ಎಂಡಿಪಿಎಸ್ ಅಂತ ಒಂದಿದೆ, 18 ವಿಭಾಗ, ಒಂದೊಂದರಲ್ಲಿ 20 ಅಂಶ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯವರು ಮಾಡಿದ ಎಫ್‌ಎಸಿಪಿ ಇನ್ನೊಂದು. ನಾನು ಜಾಸ್ತಿ ಬಳಸುವುದು ಎಫ್‌ಎಸಿಪಿ. ಅದರಲ್ಲಿ ಬರೀ 'ಬರುತ್ತದೆ, ಬರುವುದಿಲ್ಲ' ಅಂತ ಟಿಕ್ ಹಾಕಿ ಮುಗಿಸುವ ಹಾಗಿಲ್ಲ. ತಾನೇ ಮಾಡುತ್ತಾನಾ, ಸನ್ನೆ ಮಾಡಿದರೆ ಮಾಡುತ್ತಾನಾ, ಬಾಯಲ್ಲಿ ಹೇಳಿದರೆ ಮಾಡುತ್ತಾನಾ, ಕೈ ಹಿಡಿದು ಮಾಡಿಸಬೇಕಾ ಅಂತ ಬಿಡಿಸಿ ಬಿಡಿಸಿ ಗುರುತು ಹಾಕಬೇಕು. ಪ್ಲಾನ್ ಹುಟ್ಟುವುದೇ ಆ ಗುರುತುಗಳಲ್ಲಿ. ಕೈ ಹಿಡಿದರೆ ಮಾತ್ರ ಮಾಡುತ್ತಿದ್ದವನು ಬಾಯಲ್ಲಿ ಹೇಳಿದರೆ ಮಾಡುವ ಹಾಗಾದನಾ? ಅದೇ ಮೂರು ತಿಂಗಳ ಗುರಿ.

ಹೊಸಬರ ಫೈಲ್ ನೋಡಿದರೆ 'ಮಗುವಿನ ಸಂವಹನ ಕೌಶಲವನ್ನು ಅಭಿವೃದ್ಧಿಪಡಿಸುವುದು' ಅಂತ ಇರುತ್ತದೆ. ಓದೋಕೆ ಚೆಂದ. ಸೋಮವಾರ ಬೆಳಗ್ಗೆ ಏನು ಮಾಡಬೇಕು ಅಂತ ಅದರಿಂದ ಯಾರಿಗೂ ಗೊತ್ತಾಗುವುದಿಲ್ಲ. ನಾನು ಹೀಗೆ ಬರೆಯುತ್ತೇನೆ: 'ಬಾಯಾರಿದಾಗ ಲೋಟದ ಚಿತ್ರ ಎತ್ತಿ ಎದುರಿಗಿದ್ದವರ ಕೈಗೆ ಕೊಡುತ್ತಾನೆ. 5 ಸಲದಲ್ಲಿ 4 ಸಲ, ಯಾರೂ ನೆನಪಿಸದೆ. ಸತತ 3 ದಿನ. ದಸರಾ ರಜೆಯೊಳಗೆ.' ನಾನು ರಜೆ ಹಾಕಿದರೂ ಇದನ್ನು ಆಯಾ ಓದಿ ಮಾಡಿಸಬಹುದು. ಆಗಿದೆಯೋ ಇಲ್ಲವೋ ಅಂತ ಅವನ ಅಜ್ಜಿ ಕೂಡ ಹೇಳಬಹುದು.

ಮನೆ ನೋಡದೆ ಬರೆದ ಪ್ಲಾನ್ ನಿಲ್ಲುವುದಿಲ್ಲ ಅಂತ ಕಲಿಸಿದ್ದು ಆಲೂರು ಕಡೆಯ ಒಬ್ಬ ಹುಡುಗ. ಲೈನ್ ಮನೆ, ಅಂದರೆ ಕಾಫಿ ತೋಟದ ಕೂಲಿಯವರ ಸಾಲುಮನೆಯ ಮಗು. ಅಂಗಿ ಗುಂಡಿ ತಾನೇ ಹಾಕಿಕೊಳ್ಳಬೇಕು ಅಂತ ಗುರಿ ಹಾಕಿದ್ದೆ, ಬೆಳಗ್ಗೆ ಅಮ್ಮ ಅಭ್ಯಾಸ ಮಾಡಿಸಲಿ ಅಂತ. ಡಿಸೆಂಬರ್ ಬಂತು. ಕಾಫಿ ಕುಯ್ಲು ಶುರು. ಅಮ್ಮ ಬೆಳಗ್ಗೆಯೇ ತೋಟಕ್ಕೆ ಹೊರಡಬೇಕು. ಮಗುವಿಗೆ ಅಂಗಿ ಹಾಕುವವಳು ಹತ್ತು ವರ್ಷದ ಅಕ್ಕ, ಅವಳಿಗೂ ಸ್ಕೂಲಿಗೆ ಹೊತ್ತಾಗುತ್ತದೆ. ಎರಡು ತಿಂಗಳು ಒಂದು ಗುಂಡಿಯೂ ಮುಂದೆ ಹೋಗಲಿಲ್ಲ. ಆಮೇಲೆ ಅಭ್ಯಾಸವನ್ನು ಸಂಜೆಗೆ ಬದಲಾಯಿಸಿದೆ, ಅದೂ ಅಂಗಿ ಬಿಚ್ಚುವಾಗ. ಗುಂಡಿ ಹಾಕುವುದಕ್ಕಿಂತ ಬಿಚ್ಚುವುದು ಸುಲಭ, ಅಲ್ವಾ? ಅಲ್ಲಿಂದ ಹಿಡಿತ ಸಿಕ್ಕಿತು. ಅಂದಹಾಗೆ ಆ ಕಡೆ ಮನೆ ಭೇಟಿಗೆ ಹೋದರೆ ಬೆಳಕಿರುವಾಗಲೇ ವಾಪಸ್ ಬರಬೇಕು. ಆನೆ ಇರುತ್ತವೆ. ಇದನ್ನು ಯಾವ ಕೋರ್ಸಿನಲ್ಲೂ ಹೇಳಿಕೊಡುವುದಿಲ್ಲ.

ಪ್ರಶ್ನೆ (ಹೊಳೆನರಸೀಪುರದ ಶಿಕ್ಷಕಿ): ಅಕ್ಕ, ಒಬ್ಬೊಬ್ಬರಿಗೂ ಹೀಗೆ ಬರೆಯೋಕೆ ಪುರುಸೊತ್ತು ಎಲ್ಲಿ? ಒಂದು ಫಾರ್ಮ್ಯಾಟ್ ಇಟ್ಟುಕೊಂಡು ಕಾಪಿ ಮಾಡಿದರೆ ತಪ್ಪಾ?

ಉತ್ತರ: ಫಾರ್ಮ್ಯಾಟ್ ಇಟ್ಟುಕೊಳ್ಳಿ, ಒಳಗಿನ ಮಾತು ಕಾಪಿ ಮಾಡಬೇಡಿ. ನಾನು ಮಾಡಿ ಸಿಕ್ಕಿಹಾಕಿಕೊಂಡಿದ್ದೇನೆ. ಮೂರನೇ ವರ್ಷವೋ ಏನೋ, ತಪಾಸಣೆಗೆ ಬರುತ್ತಾರೆ ಅಂತ ರಾತ್ರಿ ಕೂತು ಹನ್ನೊಂದು ಫೈಲ್ ಮುಗಿಸಿದೆ. ತಪಾಸಣೆಗೆ ಬಂದವರು ಸೈನ್ ಹಾಕಿ ಹೋದರು. ಮುಂದಿನ ವಾರ ಒಬ್ಬ ತಾಯಿ ಓದಿ, 'ಮಿಸ್, ನನ್ನ ಮಗಳು ನಡೆಯುವುದೇ ಇಲ್ಲ. ಮೆಟ್ಟಿಲು ಹತ್ತಿಸುತ್ತೀರಾ?' ಅಂದರು. ಅವರಿಗೆ ಸಿಟ್ಟೂ ಬರಲಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಆವತ್ತಿಂದ ಗುರಿ ಕಮ್ಮಿ ಬರೆಯುತ್ತೇನೆ. ಒಂದು ಮಗುವಿಗೆ ಮೂರು ತಿಂಗಳಿಗೆ ನಾಲ್ಕೈದು ಗುರಿ, ಅಷ್ಟೆ. ಇಪ್ಪತ್ತು ಬರೆದು ಒಂದನ್ನೂ ಮಾಡಿಸದೆ ಇರುವುದಕ್ಕಿಂತ ವಾಸಿ.

ಪ್ರಶ್ನೆ (ಸಕಲೇಶಪುರ, ಒಬ್ಬ ತಂದೆ): ಮೇಡಂ, ಕೆಲಸದ ವಿಷಯ ಅಲ್ಲ, ಕ್ಷಮಿಸಿ. ಮಗನಿಗೆ 8 ತುಂಬಿದೆ, ಮೂರನೇ ಕ್ಲಾಸ್. ಮಾತು, ಆಟ, ಬಾಯಿಲೆಕ್ಕ ಎಲ್ಲ ಚುರುಕು. ಓದೋಕೆ ಕೂತರೆ ಒತ್ತಕ್ಷರ ಬಂದ ಕಡೆ ನಿಂತುಬಿಡುತ್ತಾನೆ. 'ಮನೆ' ಅನ್ನುವುದನ್ನು 'ನಮೆ' ಅಂತ ಬರೆಯುತ್ತಾನೆ. ಶಾಲೆಯವರು ಬೇರೆ ಶಾಲೆ ನೋಡಿಕೊಳ್ಳಿ ಅನ್ನುತ್ತಿದ್ದಾರೆ.

ಉತ್ತರ: ಅಣ್ಣಾ, ಕ್ಷಮೆ ಯಾಕೆ? ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಕನ್ನಡಕ ಹಾಕಿದ ಮೇಲೆ ಅರ್ಧ ಸಮಸ್ಯೆ ಹೋದ ಮಕ್ಕಳನ್ನು ನೋಡಿದ್ದೇನೆ. ಅದು ಸರಿ ಇದ್ದರೆ ಕಲಿಕಾ ನ್ಯೂನತೆ ಇದೆಯಾ ಅಂತ ನೋಡಬೇಕು. 1995ರ ಹಳೆಯ ಕಾಯ್ದೆಯಲ್ಲಿ ಇದು ಇರಲೇ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದ ಮೇಲೆ ಪಟ್ಟಿಯಲ್ಲಿರುವ 21 ಬಗೆಯ ನ್ಯೂನತೆಗಳಲ್ಲಿ ಇದೂ ಒಂದು. ನ್ಯೂನತೆಯ ಸರ್ಟಿಫಿಕೇಟ್ ಪರೀಕ್ಷೆಗೆ 8 ವರ್ಷ ಆಗಿರಬೇಕು ಅನ್ನುತ್ತಾರೆ, ನಿಮ್ಮ ಮಗನಿಗೆ ಆಗಿದೆ. ವಿಕಲಚೇತನರ ಗುರುತಿನ ಚೀಟಿಗೆ ಇರುವ ಯುಡಿಐಡಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ನಿಮ್ಮ ಬಿಇಓ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಆಫೀಸಿಗೆ ಸೇರಿದ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ಬಿಐಇಆರ್‌ಟಿ ಅಂತ ಇರುತ್ತಾರೆ, ವಿಶೇಷ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರು. ಅವರನ್ನು ಕಾಣಿ.

ಸರ್ಟಿಫಿಕೇಟ್ ಬರುವ ತನಕ ಶಾಲೆ ಕಾಯಬೇಕಾಗಿಲ್ಲ. ಪ್ರಶ್ನೆಯನ್ನು ಓದಿ ಹೇಳುವುದು, ಬಾಯಲ್ಲಿ ಉತ್ತರ ತೆಗೆದುಕೊಳ್ಳುವುದು, ಒಂದು ವಾರಕ್ಕೆ ಒಂದೇ ಒತ್ತಕ್ಷರ, ಬೋರ್ಡಿನಿಂದ ಇಡೀ ಪುಟ ಕಾಪಿ ಮಾಡಿಸದೆ ಇರುವುದು. ಇದಕ್ಕೆ ಯಾರ ಸೀಲೂ ಬೇಡ. ಸರ್ಕಾರಿ ಶಾಲೆಯೋ ಸರ್ಕಾರದ ಮಾನ್ಯತೆ ಇರುವ ಶಾಲೆಯೋ, ಇಂಥ ಕಾರಣಕ್ಕೆ ಮಗುವನ್ನು ಕಳಿಸುವ ಹಾಗಿಲ್ಲ ಅಂತ ಅದೇ ಕಾಯ್ದೆ ಹೇಳುತ್ತದೆ. ಜಗಳ ಬೇಡ. 'ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಡಿ ಸರ್' ಅಂತ ಮೆತ್ತಗೆ ಕೇಳಿ. ಸಾಮಾನ್ಯವಾಗಿ ಬರೆದುಕೊಡುವುದಿಲ್ಲ, ಮಾತೂ ಬದಲಾಗುತ್ತದೆ.

ಪ್ರಶ್ನೆ (ಚನ್ನರಾಯಪಟ್ಟಣ): ಯಾವ ಕೋರ್ಸ್ ಮಾಡಬೇಕು? ಸಂಬಳ ಎಷ್ಟು ಸಿಗುತ್ತದೆ?

ಉತ್ತರ: ಸಾಮಾನ್ಯ ಬಿಎಡ್ ಸಾಲದು. ಪಿಯುಸಿ ಮುಗಿಸಿದವರಿಗೆ 2 ವರ್ಷದ ವಿಶೇಷ ಶಿಕ್ಷಣದ ಡಿಎಡ್ ಇದೆ, ಡಿಗ್ರಿ ಆದವರಿಗೆ ವಿಶೇಷ ಶಿಕ್ಷಣದ ಬಿಎಡ್. ನಮಗೆ ಹತ್ತಿರ ಅಂದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ. ಅಲ್ಲಿ ಶ್ರವಣದೋಷದ ವಿಭಾಗದ ಬಿಎಡ್ ಇದೆ. ಎಲ್ಲಿ ಸೇರಿದರೂ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ಮಾನ್ಯತೆ ಬೇಕು. ಕೋರ್ಸುಗಳ ನಿಯಮ ಬದಲಾಗುತ್ತಿರುತ್ತದೆ. ಆ ವರ್ಷದ ಪಟ್ಟಿಯಲ್ಲಿ ಕಾಲೇಜಿನ ಹೆಸರು ನೋಡದೆ ಫೀಸ್ ಕಟ್ಟಬೇಡಿ. ಮುಗಿದ ಮೇಲೆ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ ಸಿಆರ್‌ಆರ್ ನಂಬರ್ ತೆಗೆದುಕೊಳ್ಳಬೇಕು. ಅದಿಲ್ಲದೆ ಈ ಕೆಲಸ ಮಾಡಿದರೆ ಶಿಕ್ಷೆ ಇದೆ ಅಂತ ಪರಿಷತ್ತಿನ 1992ರ ಕಾಯ್ದೆಯಲ್ಲೇ ಬರೆದಿದೆ. ಆರು ವಾರದ ಆನ್‌ಲೈನ್ ಸರ್ಟಿಫಿಕೇಟ್ ಮಾರುವವರು ಇದನ್ನು ಹೇಳುವುದಿಲ್ಲ.

ಸಂಬಳ ಕೇಳಿದರೆ ನಾಚಿಕೆ ಆಗುತ್ತದೆ. ನಾನು ಶುರು ಮಾಡಿದಾಗ ತಿಂಗಳಿಗೆ 4,500 ರೂಪಾಯಿ. ಈಗ ಅಷ್ಟು ಕೆಟ್ಟದಾಗಿಲ್ಲ, ಆದರೆ ಬೆಂಗಳೂರಿಗೂ ಹಾಸನಕ್ಕೂ ಅಜಗಜಾಂತರ. 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರಾಥಮಿಕದಲ್ಲಿ 10 ವಿಶೇಷ ಮಕ್ಕಳಿಗೆ ಒಬ್ಬರು, ಅದರ ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕು ಅಂದಿತು. ಹುದ್ದೆಗಳನ್ನು ಹೊರಡಿಸಿ ಅಂತ 2025ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಮತ್ತೆ ಹೇಳಿತು. ಹುದ್ದೆ ಬಂದ ದಿನ ಅರ್ಜಿ ಹಾಕೋಕೆ ಆ ನಂಬರ್ ಕೈಯಲ್ಲಿರಲಿ.

ಪ್ರಶ್ನೆ (ಅರಸೀಕೆರೆ, ಮತ್ತೆ): ಮೇಡಂ, ಕೋರ್ಸಿಗೆ ಸೇರುವ ಮುಂಚೆ ಒಂದು ದಿನ ಬಂದು ನೋಡಬಹುದಾ?

ಉತ್ತರ: ಒಂದು ದಿನ ಬೇಡ, ಒಂದು ವಾರ ಬನ್ನಿ. ಮಕ್ಕಳ ಅಪ್ಪ ಅಮ್ಮನನ್ನು ಕೇಳಿ ಒಪ್ಪಿಸುತ್ತೇನೆ. ಫೋಟೋ ತೆಗೆಯುವ ಹಾಗಿಲ್ಲ. ಉದ್ದ ಕಿವಿಯೋಲೆ, ಸರ ಹಾಕಿಕೊಂಡು ಬರಬೇಡಿ, ಎಳೆಯುತ್ತಾರೆ. ಮೊದಲ ದಿನ ಒಂದು ಮಗುವಿನ ಪಕ್ಕ ಕೂರಿಸುತ್ತೇನೆ. ಅದು ಊಟ ಮಾಡುವುದನ್ನು ನೋಡಿ ಹತ್ತು ವಾಕ್ಯ ಬರೆದು ಕೊಡಿ. 'ಚೆನ್ನಾಗಿ', 'ಸರಿಯಾಗಿ', 'ತುಂಟ' ಈ ಮೂರು ಪದ ಬರಬಾರದು.